ಬೆಣಚುಕಲ್ಲಿನ ಜಾಡು ಹಿಡಿದು: ಮಸ್ಕಿ, ಹಟ್ಟಿ, ಕಪ್ಪತಗುಡ್ಡ

ರಾಯಚೂರು ಸೀಮೆಯ ಎರೆಹೊಲಗಳಲ್ಲಿ ಓಡಾಡಿದವರು ಬದುಗಳ ಮೇಲೆ ಗುಡ್ಡೆ ಹಾಕಿದ ಬಿಳಿಕಲ್ಲುಗಳನ್ನು ನೋಡಿಯೇ ಇರುತ್ತಾರೆ. ಕುಂಟೆಗೆ, ನೇಗಿಲಿಗೆ ಅಡ್ಡ ಬರುತ್ತವೆಂದು ರೈತರು ತಲೆಮಾರುಗಳಿಂದ ಆರಿಸಿ ಎಸೆದ ಬೆಣಚುಕಲ್ಲುಗಳವು. ಅವು ಎಲ್ಲೆಂದರಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದಿಲ್ಲ ಎಂಬುದು ಒಂದೆರಡು ಹೊಲ ದಾಟಿದ ಮೇಲಷ್ಟೇ ಗಮನಕ್ಕೆ ಬರುತ್ತದೆ. ಒಂದು ಹೊಲದ ಬಿಳಿಕಲ್ಲಿನ ಸಾಲು ಪಕ್ಕದ ಹೊಲದಲ್ಲಿ ಅದೇ ದಿಕ್ಕಿಗೆ ಮುಂದುವರಿಯುತ್ತದೆ, ಹಳ್ಳ ದಾಟಿ ಆಚೆ ದಂಡೆಯಲ್ಲಿ ಮತ್ತೆ ತಲೆಯೆತ್ತುತ್ತದೆ. ಆ ಸಾಲಿನ ಅಡಿಯಲ್ಲಿ ಬೆಣಚುಕಲ್ಲಿನ ಸಿರ, ಅಂದರೆ ಬಂಡೆಯ ಬಿರುಕನ್ನು ತುಂಬಿ ನಿಂತ ಕಲ್ಲಿನ ಪಟ್ಟಿ, ಇರುತ್ತದೆ. ಸಿರದ ಅಡಿಯಲ್ಲಿ, ಹೆಚ್ಚಿನ ಕಡೆ, ಒಂದು ಸ್ತರಭಂಗ, ಅಂದರೆ ಬಂಡೆ ಮುರಿದು ಎರಡು ಬದಿಗಳು ಪರಸ್ಪರ ಜಾರಿದ ಜಾಗ, ಇರುತ್ತದೆ.

ಭೂವಿಜ್ಞಾನ ಓದುತ್ತಿದ್ದ ಕಾಲದಿಂದಲೂ ನನ್ನನ್ನು ಬಿಡದೆ ಕಾಡಿದ ಪ್ರಶ್ನೆ ಇದು: ನೆಲದಡಿ ಹತ್ತು ಕಿಲೋಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಎರಡೂವರೆ ಟನ್ನಿಗೂ ಹೆಚ್ಚಿನ ಬಂಡೆಯ ಭಾರ ಕೂತಿರುವಾಗ, ಆಳೆತ್ತರದ ಬಿಳಿಕಲ್ಲಿನ ಗೋಡೆಗೆ ಜಾಗ ಎಲ್ಲಿಂದ ಬಂತು? ಬಿರುಕು ಮೊದಲು ಬಾಯಿ ತೆರೆದು ನಿಂತಿತ್ತು, ಆಮೇಲೆ ಬಿಸಿನೀರು ಬಂದು ಅದನ್ನು ತುಂಬಿತು ಎಂಬ ಸರಳ ವಿವರಣೆ ಆ ಭಾರದ ಮುಂದೆ ನಿಲ್ಲುವುದಿಲ್ಲ. ಉತ್ತರ ಪುಸ್ತಕದಲ್ಲಿದೆ, ಅದನ್ನು ಕಲ್ಲಿನಲ್ಲೇ ನೋಡಬೇಕೆಂದು ಈ ಬಾರಿ ಎಳ್ಳಮಾವಾಸ್ಯೆಯ ಹೊತ್ತಿಗೆ ಹೊರಟೆ.

ಮೊದಲ ದಿನ: ಮಸ್ಕಿ

ರಾತ್ರಿ ಬಸ್ಸು ಸಿಂಧನೂರಿನಲ್ಲಿ ಇಳಿಸಿದಾಗ ಇನ್ನೂ ಚಳಿಯಿತ್ತು. ಅಲ್ಲಿಂದ ಮಸ್ಕಿಯ ಕಡೆಗೆ ಹೊರಟರೆ ರಸ್ತೆಯ ಇಕ್ಕೆಲದ ನೋಟ ಬೇಗ ಬದಲಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಗದ್ದೆಗಳು ಕ್ರಮೇಣ ಹಿಂದೆ ಸರಿದು ಜೋಳ, ತೊಗರಿ, ಹತ್ತಿಯ ಹೊಲಗಳು ಬರುತ್ತವೆ. ಮಸ್ಕಿಯ ಬಸ್ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಮಂಡಾಳ ಒಗ್ಗರಣೆಯೊಂದಿಗೆ ಕೊಟ್ಟ ಮಿರ್ಚಿ ಎಷ್ಟು ಖಾರವಾಗಿತ್ತೆಂದರೆ ಅದರ ಮೇಲೆ ಕುಡಿದ ಚಹಾದ ರುಚಿಯೇ ನಾಲಗೆಗೆ ತಿಳಿಯಲಿಲ್ಲ. ಬೆಳಗ್ಗೆ ಒಂಬತ್ತರ ಮೇಲೆ ಒಗ್ಗರಣೆ ಮುಗಿದುಹೋಗುತ್ತದೆ. ಬೇಕಿದ್ದವರು ಬಸ್ಸಿಳಿದ ಕೂಡಲೇ ತಿನ್ನುವುದು ಒಳ್ಳೆಯದು.

ಮಸ್ಕಿಗೆ ಎಲ್ಲರೂ ಬರುವುದು ಅಶೋಕನ ಶಾಸನಕ್ಕಾಗಿ. 'ದೇವಾನಂಪಿಯ' ಎಂಬ ಬಿರುದಿನ ಜೊತೆಗೆ 'ಅಸೋಕ' ಎಂಬ ಹೆಸರನ್ನೂ ಹೇಳಿದ, ಮೊದಲಿಗೆ ದೊರೆತ ಶಾಸನ ಇದೇ. ಅದನ್ನು 1915ರಲ್ಲಿ ಕಂಡುಹಿಡಿದ ಸಿ. ಬೀಡನ್ ಇತಿಹಾಸಕಾರರಲ್ಲ, ನಿಜಾಮನ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರು ಎಂಬುದನ್ನು ಹೆಚ್ಚಿನ ಪ್ರವಾಸಿಗರು ಗಮನಿಸುವುದಿಲ್ಲ. ಚಿನ್ನ ಅಡಗಿರುವ ಬೆಣಚುಕಲ್ಲಿನ ಜಾಡು ಹಿಡಿದು ಬಂದವನಿಗೆ ಬ್ರಾಹ್ಮಿ ಅಕ್ಷರ ಸಿಕ್ಕಿತು. ಇದನ್ನು ಕೇವಲ ಕಾಕತಾಳೀಯ ಎನ್ನಲು ನನಗೆ ಮನಸ್ಸು ಬಾರದು. ಬ್ರಹ್ಮಗಿರಿಯ ಶಾಸನದಲ್ಲಿ ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾಗಿ ಸುವರ್ಣಗಿರಿಯ ಹೆಸರು ಬರುತ್ತದೆ. ಅದು ಈ ಸೀಮೆಯಲ್ಲೇ ಇತ್ತೆಂದು ಹಲವು ವಿದ್ವಾಂಸರ ಊಹೆ. ಚಿನ್ನವಿದ್ದ ಕಡೆ ರಾಜ್ಯ ಬಂತು, ರಾಜ್ಯ ಬಂದ ಕಡೆ ಶಾಸನ ಬಂತು ಎಂದು ಓದಿಕೊಂಡರೆ ಅದರಲ್ಲಿ ಅಸಹಜವಾದದ್ದೇನೂ ಇಲ್ಲ.

ಶಾಸನವಿರುವ ಗುಡ್ಡ ಗ್ರಾನೈಟಿನದು. ಬಿಸಿಲೇರುವ ಮುಂಚೆ ಮೇಲೆ ಹತ್ತಿದರೆ ಇಡೀ ಸೀಮೆಯ ರಚನೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಒಂದು ಬದಿಗೆ ಉಂಡೆಗಲ್ಲುಗಳ ನಸುಗೆಂಪು ಗುಡ್ಡಗಳು, ಇನ್ನೊಂದು ಬದಿಗೆ ಕಪ್ಪು ಮಣ್ಣಿನ ತಗ್ಗು ನೆಲ. ಆ ತಗ್ಗು ನೆಲದ ಕೆಳಗಿರುವುದೇ ಹಟ್ಟಿ-ಮಸ್ಕಿ ಶಿಸ್ಟ್ ಪಟ್ಟಿ. ಶಿಸ್ಟ್ ಎಂದರೆ ಒತ್ತಡಕ್ಕೆ ಸಿಕ್ಕಿ ಹಾಳೆಹಾಳೆಯಾದ ಬಂಡೆ. 250 ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಉಕ್ಕಿ ಹರಿದ ಲಾವಾ, ಮುಂದೆ ಆಳಕ್ಕೆ ಹೂತು, ಬೆಂದು, ಆಂಫಿಬೊಲೈಟ್ ಎಂಬ ಕರಿಹಸಿರು ಬಂಡೆಯಾಗಿದೆ. ಸುತ್ತಲಿನ ಗ್ರಾನೈಟ್ ಅದನ್ನು ಒತ್ತಿ ಹಿಂಡಿದ್ದರಿಂದ ನಕ್ಷೆಯಲ್ಲಿ ಈ ಪಟ್ಟಿ ಕೊಕ್ಕೆಯಂತೆ ಬಾಗಿ ಕಾಣುತ್ತದೆ. ಹೀಗೆ ಒತ್ತಡ ಬಿದ್ದಾಗ ಬಂಡೆಯೆಲ್ಲ ಸಮನಾಗಿ ಸವೆಯಲಿಲ್ಲ. ಕೆಲವು ಕಿರಿದಾದ ಪಟ್ಟಿಗಳಲ್ಲಿ ಮಾತ್ರ ಅರೆದು, ಜಾರಿ, ಮುರಿಯಿತು. ನಾನು ನೋಡಬೇಕೆಂದು ಬಂದ ಸ್ತರಭಂಗ ವಲಯಗಳು ಅವೇ.

ಇಳಿಯುವಾಗ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನನ್ನ ಕೈಯ ಸುತ್ತಿಗೆಯನ್ನು ನೋಡಿ ನಿಲ್ಲಿಸಿದರು.

"ಯಾಕ್ರೀ ಸರ, ಬಂಗಾರ ಹುಡುಕಾಕ ಬಂದೀರೇನು?"

"ಇಲ್ಲ ಅಜ್ಜಾರೆ, ಬಿಳಿಕಲ್ಲು ನೋಡೋಕೆ ಬಂದೆ."

"ಬಿಳಿಕಲ್ಲು ನೋಡಾಕ ಇಲ್ಲಿಗ್ಯಾಕ ಬಂದ್ರಿ? ಹಟ್ಟಿ ಕಡಿ ಹೋಗ್ರಿ. ನಮ್ಮ ಹಿರ್ಯಾರು ಕಲ್ಲು ಕುಟ್ಟಿದ ಕುಣಿ ಅದಾವ ಅಲ್ಲಿ."

ಕಲ್ಲು ಕುಟ್ಟಿದ ಕುಣಿ ಎಂದದ್ದು ಬರಿಯ ಮಾತಲ್ಲ. ಹಟ್ಟಿಯ ಸುತ್ತಮುತ್ತ ಬಂಡೆಗಳ ಮೇಲೆ ಬೆಣಚುಕಲ್ಲನ್ನು ಕುಟ್ಟಿ ಪುಡಿಮಾಡಿದ ಹಳೆಯ ಒರಳುಗುಳಿಗಳಿವೆ. ಅಲ್ಲಿನ ಪ್ರಾಚೀನ ಗಣಿಗಳು ಸುಮಾರು 200 ಮೀಟರ್ ಆಳಕ್ಕೆ ಇಳಿದಿದ್ದವು. ಒಳಗೆ ಸಿಕ್ಕ ಮರದ ಆಸರೆಗಳ ವಯಸ್ಸು ಇಂಗಾಲದ ಲೆಕ್ಕದಲ್ಲಿ ಎರಡು ಸಾವಿರ ವರ್ಷಗಳ ಆಸುಪಾಸು. ಸಿಡಿಮದ್ದಿಲ್ಲದ ಕಾಲದಲ್ಲಿ ಅವರು ಸಿರಕ್ಕೆ ಬೆಂಕಿ ಹಾಕಿ, ಕಾದ ಕಲ್ಲಿಗೆ ನೀರು ಸುರಿದು ಒಡೆಯುತ್ತಿದ್ದರು. ಬೆಣಚುಕಲ್ಲು 573 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಅದರ ಹರಳಿನ ರಚನೆಯೇ ಬದಲಾಗಿ ಥಟ್ಟನೆ ಹಿಗ್ಗುತ್ತದೆ. ಒಳಗೆ ಸಿಕ್ಕಿಕೊಂಡ ಸೂಕ್ಷ್ಮ ನೀರಹನಿಗಳು ಆವಿಯಾಗಿ ಸಿಡಿಯುತ್ತವೆ. ಆ ಕಾರ್ಮಿಕರಿಗೆ ಈ ಅಂಕಿ ಗೊತ್ತಿರಲಿಲ್ಲ, ಕಲ್ಲಿನ ಗುಣ ಗೊತ್ತಿತ್ತು.

ಎರಡನೆಯ ದಿನ: ಲಿಂಗಸುಗೂರಿನಿಂದ ಹಟ್ಟಿಯ ಹೊಲಗಳಿಗೆ

ಲಿಂಗಸುಗೂರಿನಲ್ಲಿ ರಾತ್ರಿ ಕಳೆದು ಬೆಳಗ್ಗೆ ಒಂದು ಟಂಟಂ ಗೊತ್ತುಮಾಡಿಕೊಂಡು ಹಟ್ಟಿಯ ಕಡೆಗೆ ಹೊರಟೆ. ಬಸ್ಸುಗಳು ಬೇಕಾದಷ್ಟಿವೆ, ಆದರೆ ಹೊಲದ ದಾರಿಗಳಲ್ಲಿ ಬೇಕೆಂದಾಗ ನಿಲ್ಲಿಸಿಕೊಳ್ಳಬೇಕಾದರೆ ಟಂಟಂ ಅನುಕೂಲ. ಅಂದು ಎಳ್ಳಮಾವಾಸ್ಯೆ. ದಾರಿಯುದ್ದಕ್ಕೂ ಎತ್ತಿನ ಬಂಡಿ, ಟ್ರ್ಯಾಕ್ಟರು, ಬೈಕುಗಳಲ್ಲಿ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೊರಟಿದ್ದರು. ಚಾಲಕನೂ ಮಧ್ಯಾಹ್ನದೊಳಗೆ ತನ್ನ ಹೊಲಕ್ಕೆ ಹೋಗಬೇಕಿತ್ತು. "ಬೇಗ ನೋಡ್ರಿ ಸರ, ಚರಗ ಚೆಲ್ಲೋದೈತಿ" ಎಂದು ಹತ್ತುವಾಗಲೇ ಹೇಳಿದ್ದ.

ಹಟ್ಟಿ ಇನ್ನೂ ಸ್ವಲ್ಪ ದೂರವಿರುವಾಗ ಮುಖ್ಯರಸ್ತೆ ಬಿಟ್ಟು ಬಂಡಿದಾರಿಗಿಳಿದ ಹತ್ತೇ ನಿಮಿಷಕ್ಕೆ ಹಿಂದಿನ ಚಕ್ರ ಕುಳಿತುಬಿಟ್ಟಿತು. ಟೈರಿನಲ್ಲಿ ನಾಟಿಕೊಂಡಿದ್ದದ್ದು ಬೆರಳುದ್ದದ ಬೆಣಚುಕಲ್ಲಿನ ಚೂರು. ಈ ಕಲ್ಲಿಗೆ ಸೀಳುಮಟ್ಟವಿಲ್ಲ, ಅಂದರೆ ನಯವಾಗಿ ಸೀಳಿಕೊಳ್ಳುವ ಪದರವಿಲ್ಲ; ಒಡೆದರೆ ಗಾಜಿನಂತೆ ಅಂಚು ಚೂಪಾಗುತ್ತದೆ, ಗಟ್ಟಿತನದಲ್ಲಿ ಉಕ್ಕಿನ ಚಾಕುವನ್ನು ಮೀರಿಸುತ್ತದೆ. ಈ ಭಾಗದಲ್ಲಿ ಬೈಕಿನಲ್ಲಿ ತಿರುಗುವವರು ಹೆಚ್ಚುವರಿ ಟ್ಯೂಬು ಇಟ್ಟುಕೊಳ್ಳಲೇಬೇಕು. ತೆಳು ಅಟ್ಟೆಯ ಚಪ್ಪಲಿಯಂತೂ ಕೂಡದು. ಚಾಲಕ ಚಕ್ರ ಬಿಚ್ಚಿಕೊಂಡು ಇನ್ನೊಬ್ಬರ ಬೈಕಿನಲ್ಲಿ ಊರಿಗೆ ಹೋದ. ನಾನು ಆ ಚೂರು ಬಂದ ದಿಕ್ಕಿಗೆ ನಡೆದೆ.

ಜೋಳದ ಹೊಲದ ಅಂಚಿನಲ್ಲಿ ಮಳೆನೀರು ಕೊರೆದ ಒಂದು ಹಳ್ಳವಿತ್ತು. ಅದರ ದಂಡೆಯಲ್ಲಿ ನಾನು ಹುಡುಕುತ್ತಿದ್ದದ್ದು ನಿಂತಿತ್ತು. ಕರಿಹಸಿರು ಆಂಫಿಬೊಲೈಟಿನ ನಡುವೆ, ಹೆಚ್ಚುಕಡಿಮೆ ಲಂಬವಾಗಿ, ಪಶ್ಚಿಮಕ್ಕೆ ತುಸು ವಾಲಿದ, ತೋಳು ಚಾಚಿದರೆ ಎರಡೂ ಅಂಚು ಮುಟ್ಟುವಷ್ಟು ಅಗಲದ ಸಿರ. ದೂರದಿಂದ ಪೂರಾ ಬಿಳಿ. ಹತ್ತಿರ ಹೋಗಿ ನೀರು ಚಿಮುಕಿಸಿ ಉಜ್ಜಿದ ಮೇಲೆ ಬಿಳಿಯ ಒಳಗೆ ಗೆರೆಗಳು ಕಂಡವು: ಗೋಡೆಗೆ ಸಮಾನಾಂತರವಾಗಿ ಒಂದರ ಪಕ್ಕ ಒಂದು, ಕೂದಲೆಳೆಯಷ್ಟು ತೆಳುವಾದ ಕಪ್ಪು ಗೆರೆಗಳು. ಕೆಲವು ಕಡೆ ಒಂದು ಬೆರಳಿನ ಅಗಲದಲ್ಲೇ ಐದಾರು. ಮಸೂರ ಹಿಡಿದು ನೋಡಿದರೆ ಆ ಗೆರೆಗಳು ಮಿನುಗುವ ಕಂದು ಅಭ್ರಕದ ಹಾಳೆಗಳು. ಅಂದರೆ ಪಕ್ಕದ ಗೋಡೆಯಿಂದ ಕಿತ್ತುಬಂದ ಬಂಡೆಯ ಪದರಗಳು. ಸಿರದ ಒಂದು ಬದಿಯಿಂದ ತೆಳ್ಳನೆಯ ಬಿಳಿ ಎಳೆಗಳು ಅಡ್ಡಕ್ಕೆ, ನೆಲಕ್ಕೆ ಸಮತಲವಾಗಿ, ಗಟ್ಟಿ ಬಂಡೆಯೊಳಕ್ಕೆ ಹೊರಟಿದ್ದವು.

ಈ ಗೆರೆಗಳು ಹೇಳುವುದು ಒಂದೇ ಮಾತು: ಬಿರುಕು ಒಮ್ಮೆಲೇ ಇಷ್ಟಗಲ ಬಾಯಿ ತೆರೆದಿರಲಿಲ್ಲ. ಅದು ಕೂದಲೆಳೆಯಷ್ಟು ತೆರೆಯಿತು, ಬೆಣಚುಕಲ್ಲು ಕಟ್ಟಿ ಮುಚ್ಚಿಕೊಂಡಿತು. ಮತ್ತೆ ಗೋಡೆಯ ಅಂಚಿನಲ್ಲೇ ಬಿರಿಯಿತು, ಮತ್ತೆ ಮುಚ್ಚಿಕೊಂಡಿತು. ಪ್ರತಿ ಸಲವೂ ಗೋಡೆಯ ಒಂದು ತೆಳು ಪದರ ಹೊಸ ಬಿಳಿಕಲ್ಲಿನೊಳಗೆ ಸಿಕ್ಕಿಕೊಂಡಿತು. ಬಿರಿದು ಬೆಸೆಯುವ ಈ ಕ್ರಮವನ್ನು ಭೂವಿಜ್ಞಾನಿ ಜಾನ್ ರಾಮ್ಸೆ 1980ರಲ್ಲಿ ವಿವರಿಸಿದರು. ಆ ಬಿರಿತಕ್ಕೂ ಭೂಕಂಪಕ್ಕೂ ಇರುವ ನಂಟನ್ನು ರಿಚರ್ಡ್ ಸಿಬ್ಸನ್ ಮತ್ತು ಅವರ ಜೊತೆಗಾರರು 1988ರಲ್ಲಿ ಮುಂದಿಟ್ಟರು. ಅವರ ಪ್ರಕಾರ ಸ್ತರಭಂಗವೆಂದರೆ ಆಳದ ಬಿಸಿನೀರಿಗೆ ಇಟ್ಟ ತೂಬು. ಕೆರೆಯ ತೂಬಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಇದನ್ನು ತೆರೆಯುವುದೂ ಆ ನೀರೇ, ಮುಚ್ಚುವುದೂ ಆ ನೀರೇ.

ಅದು ನಡೆಯುವುದು ಹೀಗೆ. ಆಳದಿಂದ ಬರುವ ಬಿಸಿನೀರು ಮುಚ್ಚಿದ ಸ್ತರಭಂಗದ ಕೆಳಗೆ ಸಂಗ್ರಹವಾಗುತ್ತ ಹೋಗುತ್ತದೆ. ಹತ್ತು ಕಿಲೋಮೀಟರ್ ಆಳದಲ್ಲಿ ಬರಿಯ ನೀರಿನ ಕಂಬದ ಒತ್ತಡ ಸುಮಾರು 1,000 ಬಾರ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಟನ್; ಬಂಡೆಯ ಭಾರ ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು. ದಾರಿ ಕಾಣದ ನೀರಿನ ಒತ್ತಡ ಏರುತ್ತ ಏರುತ್ತ ಬಂಡೆಯ ಭಾರಕ್ಕೇ ಸಮನಾದಾಗ ಸ್ತರಭಂಗದ ಎರಡು ಬದಿಗಳನ್ನು ಒತ್ತಿ ಹಿಡಿದಿದ್ದ ಬಲ ಇಲ್ಲವಾಗುತ್ತದೆ. ನಾನು ನೋಡುತ್ತಿದ್ದ ಅಡ್ಡ ಎಳೆಗಳು ಆ ಗಳಿಗೆಯ ಸಾಕ್ಷಿ. ನೆಲಕ್ಕೆ ಸಮತಲವಾದ ಬಿರುಕು ತೆರೆಯಬೇಕಾದರೆ ಮೇಲಿನ ಅಷ್ಟೂ ಬಂಡೆಯನ್ನು ನೀರು ಎತ್ತಿರಲೇಬೇಕು. ಆಮೇಲೆ ಸ್ತರಭಂಗ ಜಾರುತ್ತದೆ, ನೆಲ ನಡುಗುತ್ತದೆ, ನೀರು ಮೇಲಕ್ಕೆ ನುಗ್ಗುತ್ತದೆ. ಒತ್ತಡ ಏಕಾಏಕಿ ಇಳಿದಾಗ, ಕರಗಿಸಿಕೊಂಡಿದ್ದ, ಬೆಣಚುಕಲ್ಲಿನ ಮೂಲವಸ್ತುವಾದ ಸಿಲಿಕವನ್ನು ಹಿಡಿದಿಟ್ಟುಕೊಳ್ಳಲಾರದೆ ನೀರು ಅದನ್ನು ಬಿರುಕಿನ ಗೋಡೆಗಳ ಮೇಲೆ ಬಿಡುತ್ತದೆ. ಭೂಕಂಪದಲ್ಲಿ ಬಿರುಕು ಹಿಗ್ಗಿದ ಕ್ಷಣದಲ್ಲಿ ಒತ್ತಡ ಎಷ್ಟು ಕುಸಿಯಬಹುದೆಂದರೆ ನೀರು ಅಲ್ಲೇ ಆವಿಯಾಗಿಬಿಡಬಹುದು ಎಂದು ಆಸ್ಟ್ರೇಲಿಯದ ಡಿಯಾನ್ ವೆದರ್ಲಿ ಮತ್ತು ರಿಚರ್ಡ್ ಹೆನ್ಲಿ 2013ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹೇಗಿದ್ದರೂ ತೂಬು ಮುಚ್ಚಿಕೊಳ್ಳುತ್ತದೆ, ಕೆಳಗೆ ನೀರು ಮತ್ತೆ ಸೇರತೊಡಗುತ್ತದೆ.

ಹಳ್ಳದ ದಂಡೆಯ ಮೇಲೆ ಕೂತು ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂದು ಲೆಕ್ಕ ಮಾಡಿದೆ. 300 ಡಿಗ್ರಿ ಬಿಸಿಯ ನೀರು ಒಂದು ಕಿಲೋಗ್ರಾಮಿಗೆ ಸುಮಾರು ಆರೂವರೆ ನೂರು ಮಿಲಿಗ್ರಾಂ ಸಿಲಿಕ ಹಿಡಿಸಿಕೊಳ್ಳುತ್ತದೆ. ಒಂದು ಘನ ಮೀಟರ್ ಬೆಣಚುಕಲ್ಲಿನ ತೂಕ 2,650 ಕಿಲೋಗ್ರಾಂ. ನೀರು ತನ್ನಲ್ಲಿದ್ದುದನ್ನೆಲ್ಲ ಒಂದೇ ಕಡೆ ಬಿಟ್ಟರೂ ಅಷ್ಟು ಕಲ್ಲಿಗೆ ಸುಮಾರು 4,000 ಟನ್ ನೀರು ಬೇಕು. ಒಂದು ಮೀಟರ್ ಅಗಲ, ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಆಳದ ಸಿರವೊಂದಕ್ಕೆ 400 ಕೋಟಿ ಟನ್. ಅಂದರೆ ಇಂದಿನ ತುಂಗಭದ್ರಾ ಜಲಾಶಯ ಭರ್ತಿಯಾದಾಗ ಇರುವ ನೀರಿಗಿಂತಲೂ ಹೆಚ್ಚು. ಇನ್ನೂ ಆಳದ, ಇನ್ನೂ ಬಿಸಿಯ ನೀರು ಹೆಚ್ಚು ಸಿಲಿಕ ಹೊರುತ್ತದೆ, ನಿಜ. ಆದರೆ ಹೊತ್ತದ್ದೆಲ್ಲವನ್ನೂ ಅದು ಒಂದೇ ಜಾಗದಲ್ಲಿ ಇಳಿಸುವುದಿಲ್ಲ. ಒಂದು ಸೆಳವಿನಲ್ಲಿ ಈ ಸಿರ ಕಟ್ಟಿಕೊಳ್ಳಲು ಸಾಧ್ಯವೇ ಇಲ್ಲ ಎಂಬುದಕ್ಕೆ ಕಪ್ಪು ಗೆರೆಗಳ ಜೊತೆಗೆ ಈ ಲೆಕ್ಕವೂ ಪುರಾವೆ.

"ಹುಲ್ಲುಲ್ಲಿಗೋ" ಎಂಬ ಕೂಗು ಕೇಳಿ ತಲೆ ಎತ್ತಿದೆ. ಪಕ್ಕದ ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಐದು ಕಲ್ಲು ಇಟ್ಟು ಪೂಜಿಸಿ, ಒಬ್ಬರು ಬೆಳೆಗೆ ಚರಗ ಚೆಲ್ಲುತ್ತ, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಹೋಗುತ್ತಿದ್ದರು. ಪೂಜೆಯ ಐದೂ ಕಲ್ಲುಗಳು ಸುಣ್ಣ ಬಳಿಯುವ ಅಗತ್ಯವೇ ಇಲ್ಲದ ಬೆಣಚುಕಲ್ಲುಗಳು. ಮನೆಯ ಹಿರಿಯಾಕೆ ನನ್ನನ್ನು ಕಂಡು, "ಬಾ ತಮ್ಮಾ, ಅಮಾಸಿ ದಿನ ಹೊಲಕ್ಕ ಬಂದಾವ್ರು ಹಂಗ ಹೋಗಬಾರ್ದು, ಉಂಡ ಹೋಗು" ಎಂದರು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಪುಂಡಿಪಲ್ಯ, ಬದನೆಕಾಯಿ ಎಣ್ಣೆಗಾಯಿ, ಅಗಸಿ ಚಟ್ನಿ, ಜೋಳದ ಬಾನ, ಕೊನೆಗೆ ಶೇಂಗಾ ಹೋಳಿಗೆ. ಬೇಡವೆಂದರೂ ಎರಡನೆಯ ಹೋಳಿಗೆ ಎಲೆಗೆ ಬಂತು.

ನಾನು ಹಳ್ಳದ ಕಡೆ ಕೈ ತೋರಿಸಿ ಆ ಕಲ್ಲಿನ ಬಗ್ಗೆ ಕೇಳಿದೆ. "ಅದು ನಮ್ಮ ಮಾವನ ಕಾಲದಾಗಿಂದ ಹಂಗ ಐತಿ. ಅಲ್ಲಿ ಬಾವಿ ತೋಡಿದ್ರ ನೀರು ಬೀಳ್ತಾವು, ಆದ್ರ ಕುಡ್ಯಾಕ ಬಳಸಂಗಿಲ್ಲ ಅಂತ ಸರ್ಕಾರದಾವ್ರು ಬಂದು ಹೇಳ್ಯಾರ" ಎಂದರು ಅವರ ಮಗ. ಎರಡೂ ಮಾತು ಸರಿ. ಮುರಿದ ವಲಯದಲ್ಲಿ ಇಂದಿಗೂ ನೀರು ಸುಲಭವಾಗಿ ಹರಿಯುತ್ತದೆ. ಆದರೆ ಚಿನ್ನವನ್ನು ತಂದ ಬಿಸಿನೀರೇ ಆರ್ಸೆನಿಕ್ಕನ್ನೂ ತಂದಿತ್ತು. ಆರ್ಸೆನೊಪೈರೈಟ್ ಎಂಬ ಬೆಳ್ಳಿಬಣ್ಣದ ಖನಿಜವಾಗಿ ಅದು ಈ ಬಂಡೆಗಳಲ್ಲಿ ಕೂತಿದೆ. ಉತ್ತರಕ್ಕೆ ಯಾದಗಿರಿ ಜಿಲ್ಲೆಯ ಮಂಗಳೂರು ಶಿಸ್ಟ್ ಪಟ್ಟಿಯ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿಯ ನೀರು ಕುಡಿದ ಜನ ಆರ್ಸೆನಿಕ್ಕಿನಿಂದ ಅನುಭವಿಸಿದ ಚರ್ಮರೋಗ, ಕ್ಯಾನ್ಸರುಗಳ ವಿವರ ವೈಜ್ಞಾನಿಕ ವರದಿಗಳಲ್ಲಿ ದಾಖಲಾಗಿದೆ. ಸಿರದ ಚೆಲುವಿನ ಬಗ್ಗೆ ಬರೆಯುವವರು ಇದನ್ನೂ ಬರೆಯಬೇಕು. ಈ ಸೀಮೆಯಲ್ಲಿ ತಿರುಗುವವರು ಹಳೆಯ ಗಣಿಗಳ ಬಳಿಯ ಬೋರಿನ ನೀರು ಕುಡಿಯದೆ ತಮ್ಮ ನೀರು ತಾವೇ ಒಯ್ಯಬೇಕು.

ಸಂಜೆ ಹಟ್ಟಿ ಕ್ಯಾಂಪು ತಲುಪಿದೆ. 1947ರಲ್ಲಿ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಆರಂಭವಾದ ಇಲ್ಲಿನ ಚಿನ್ನದ ಗಣಿ ಕಂಪನಿ ಇಂದು ಕರ್ನಾಟಕ ಸರ್ಕಾರದ್ದು. ಮುಂಚಿತವಾಗಿ ಬರೆದು ಅನುಮತಿ ಪಡೆಯದೆ ಗಣಿಯೊಳಗೆ ಬಿಡುವುದಿಲ್ಲ, ಬಿಡಲೂಬಾರದು. ಮಲ್ಲಪ್ಪ ಶಾಫ್ಟಿನ ಎತ್ತರದ ಗೋಪುರವನ್ನು ಹೊರಗಿನಿಂದಲೇ ನೋಡಿದೆ. ಅದರ ಕೆಳಗೆ ಓಕ್ಲೀಸ್ ರೀಫ್, ಮಿಡಲ್ ರೀಫ್, ವಿಲೇಜ್ ರೀಫ್ ಎಂಬ ಹೆಸರಿನ ಹಲವು ಸಿರಗಳು ಒಂದರ ಪಕ್ಕ ಒಂದು, ಉತ್ತರ-ವಾಯವ್ಯಕ್ಕೆ ಚಾಚಿ, ಪಶ್ಚಿಮಕ್ಕೆ ಕಡಿದಾಗಿ ಇಳಿಯುತ್ತವೆ. ಪ್ರತಿಯೊಂದೂ ಒಂದೊಂದು ಅರೆದ ವಲಯದೊಳಗೆ ಕೂತಿದೆ.

ಚಹಾದಂಗಡಿಯಲ್ಲಿ ನಿವೃತ್ತ ಡ್ರಿಲ್ಲರ್ ಒಬ್ಬರು ಮಾತಿಗೆ ಸಿಕ್ಕರು. ಮೂರು ದಶಕ ಭೂಮಿಯೊಳಗೆ ದುಡಿದವರು. ಮಧ್ಯಾಹ್ನ ನೋಡಿದ ಗೆರೆಗಳನ್ನು ನಾನು ಚೀಟಿಯಲ್ಲಿ ಬರೆದು ತೋರಿಸಿದಾಗ ಅವರು ಒಂದೇ ನೋಟಕ್ಕೆ ತಲೆಯಾಡಿಸಿದರು.

"ಇದ ನೋಡ್ರಿ ಅಸಲು ರೀಫು. ಹಾಲಿನಂಗ ಬೆಳ್ಳಗಿದ್ರ ಅದರಾಗ ಏನಿರಂಗಿಲ್ಲ. ಕರಿ ಗೆರಿ ಬಂತಂದ್ರ ಜಿಯಾಲಜಿ ಸಾಹೇಬ್ರು ಲೈಟು ಹಿಡ್ಕೊಂಡು ಅಲ್ಲೇ ನಿಂದರ್ತಿದ್ರು."

"ಯಾಕೆ ಅಂತ ಹೇಳ್ತಿದ್ರಾ?"

"ಅದೆಲ್ಲ ನೀವು ಓದಿದಾವ್ರು ಹೇಳಬೇಕ್ರಿ. ನಮಗ ಎಲ್ಲಿ ತೂತು ಹಾಕಬೇಕಂತ ಗೊತ್ತಿತ್ತು, ಅಷ್ಟ."

ಕಾರಣ ಆ ಕಪ್ಪು ಗೆರೆಗಳಲ್ಲೇ ಇದೆ. ಚಿನ್ನ ಬಿಸಿನೀರಿನಲ್ಲಿ ಒಂಟಿಯಾಗಿ ಕರಗುವುದಿಲ್ಲ. ಗಂಧಕದ ಸಂಯುಕ್ತದೊಂದಿಗೆ ಸೇರಿಕೊಂಡು ಪ್ರಯಾಣ ಮಾಡುತ್ತದೆ. ಆ ನೀರು ಕಬ್ಬಿಣಾಂಶವಿರುವ ಕರಿಬಂಡೆಯನ್ನು ತಾಗಿದಾಗ ಕಬ್ಬಿಣ ಗಂಧಕವನ್ನು ಸೆಳೆದುಕೊಂಡು ಪೈರೈಟ್, ಪಿರೊಟೈಟ್, ಆರ್ಸೆನೊಪೈರೈಟ್‌ಗಳಾಗುತ್ತದೆ. ಜೊತೆ ಕಳೆದುಕೊಂಡ ಚಿನ್ನ ಅಲ್ಲೇ ಉಳಿಯುತ್ತದೆ. ಹೆಚ್ಚು ಸಲ ಬಿರಿದು ಬೆಸೆದ ಸಿರದಲ್ಲಿ ಗೋಡೆಯ ಪದರಗಳು ಹೆಚ್ಚು, ನೀರಿಗೂ ಕಬ್ಬಿಣಕ್ಕೂ ಆದ ಭೇಟಿಗಳೂ ಹೆಚ್ಚು. ಹಾಲುಬಿಳುಪಿನ ಭಾರೀ ಸಿರಗಳಲ್ಲಿ ಬೆಣಚುಕಲ್ಲು ಬೇಕಾದಷ್ಟಿದ್ದರೂ ಈ ಭೇಟಿ ಕಡಿಮೆ. ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಯೋಚಿಸಿ, "ಹಂಗಾರ ಗ್ವಾಡಿ ಜೊತಿ ಜಗಳಾಡಿದ ರೀಫಿನಾಗ ಬಂಗಾರ" ಎಂದರು. ಇದಕ್ಕಿಂತ ಚೊಕ್ಕವಾಗಿ ಹೇಳಲು ನನಗೆ ಬರದು.

ಮೂರನೆಯ ದಿನ: ಮುದಗಲ್ ದಾಟಿ ಗದಗಿಗೆ

ಈ ದಿನ ಹೆಚ್ಚಿನಂಶ ಪ್ರಯಾಣದಲ್ಲೇ ಕಳೆಯಿತು. ಮುದಗಲ್ಲಿನಲ್ಲಿ ಬಸ್ಸು ಬದಲಿಸುವ ನಡುವೆ ಕೋಟೆಯ ಕಂದಕದ ಸುತ್ತ ಒಂದು ಸುತ್ತು ಹಾಕಿದೆ. ಕುಷ್ಟಗಿ, ಯಲಬುರ್ಗಾ, ಕುಕನೂರುಗಳ ದಾರಿಯಲ್ಲಿ ಗ್ರಾನೈಟ್ ಮತ್ತು ನೈಸ್ ಬಂಡೆಗಳ ನೆಲ. ಅಲ್ಲಿಯೂ ಬೆಣಚುಕಲ್ಲಿನ ಗುರುತುಗಳು ಕಿಟಕಿಯಾಚೆ ಅಲ್ಲಲ್ಲಿ ಕಾಣುತ್ತಿದ್ದವು. ಮಧ್ಯಾಹ್ನ ಹಠಾತ್ತನೆ ಮೋಡ ಕವಿದು ಅಕಾಲದ ಹನಿಮಳೆ ಬಿತ್ತು. ಬಿಡಿಸಿದ ಹತ್ತಿಯನ್ನು ತಾಡಪಾಲಿನಡಿ ಮುಚ್ಚಲು ಓಡುತ್ತಿದ್ದ ಹೆಂಗಸರನ್ನು ನೋಡಿ ಬಸ್ಸಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ಗದಗಿನಲ್ಲಿ ಇಳಿಯುವಾಗ ಆಕಾಶ ತಿಳಿಯಾಗಿತ್ತು. ಗಿರ್ಮಿಟ್ಟು, ಬಿಸಿ ಮಿರ್ಚಿ, ಒಳ್ಳೆಯ ನಿದ್ದೆ.

ನಾಲ್ಕನೆಯ ದಿನ: ಕಪ್ಪತಗುಡ್ಡ, ಡಂಬಳ

ಗದಗಿನ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವ ಗೆಳೆಯ ಬೆಳಗಿನ ಜಾವವೇ ಬೈಕು ತಂದಿದ್ದ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮವಾಗಿದೆ. ಗುಡ್ಡದೊಳಗೆ ಕಾಲಿಡುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳಬೇಕು, ಅಲ್ಲಿ ಕಲ್ಲು ಒಡೆಯುವಂತಿಲ್ಲ. ಹಾಗಾಗಿ ಸುತ್ತಿಗೆಯನ್ನು ಗೆಳೆಯನ ಮನೆಯಲ್ಲೇ ಬಿಟ್ಟು ಮಸೂರವನ್ನಷ್ಟೇ ಒಯ್ದೆವು. ನೋಡುವುದಕ್ಕೆ ಅಷ್ಟು ಸಾಕು. ಹಿಂದಿನ ದಿನದ ಮಳೆಗೆ ಬಾದೆಹುಲ್ಲಿನ ಕಂಪು ದಾರಿಯುದ್ದಕ್ಕೂ ಹಬ್ಬಿತ್ತು, ತೊಳೆದ ಬಂಡೆಗಳ ಬಣ್ಣ ತಿಳಿಯಾಗಿ ಕಾಣುತ್ತಿತ್ತು.

ಇದು ಚಿತ್ರದುರ್ಗ ಶಿಸ್ಟ್ ಪಟ್ಟಿಯ ಉತ್ತರದ ತುದಿ. ಇಲ್ಲಿನ ಬಂಡೆಗಳು ಹಟ್ಟಿಯವುಗಳಷ್ಟು ಬೆಂದಿಲ್ಲ. ಲಾವಾ ಇನ್ನೂ ಹಸಿರಾಗಿಯೇ ಇದೆ, ಅದರ ಜೊತೆಗೆ ಕೆಸರು ಮರಳುಗಳಿಂದಾದ ಪದರುಗಲ್ಲುಗಳೂ ಇವೆ. ಅತ್ತಿಕಟ್ಟಿ, ಕಬಲಾಯತಕಟ್ಟಿಗಳ ಬಳಿ ಬ್ರಿಟಿಷರ ಕಾಲದಲ್ಲಿ ಗಣಿ ತೋಡಿದ ಗುರುತುಗಳಿವೆ. ಅವರಿಗೆ ದಾರಿ ತೋರಿಸಿದವರು ಜಾಲಗಾರರು, ಅಂದರೆ ಮಳೆಗಾಲದ ನಂತರ ಹಳ್ಳಗಳ ಮರಳನ್ನು ಮರಿಗೆಯಲ್ಲಿ ಜಾಲಾಡಿ ಚಿನ್ನದ ಕಣ ಆರಿಸುತ್ತಿದ್ದವರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳ ಗುಡ್ಡಗಳ ಚಿನ್ನದ ಬಂಡೆಗಳ ಬಗ್ಗೆ ಬರೆದಾಗ ಸೊರಟೂರಿನ ಕಡೆಯ ಹಳ್ಳಗಳ ಈ ಕೆಲಸವನ್ನು ಗಮನಿಸಿದ್ದರು. ದೋಣಿಯ ಬಳಿ ಹಳ್ಳ ದಾಟುವಾಗ ಮೇಕೆಗಳನ್ನು ಹೊಡೆದುಕೊಂಡು ಬಂದ ಹುಡುಗನೊಬ್ಬ, ತನ್ನ ಅಜ್ಜಿಯ ತವರಿನವರು ಆ ಕೆಲಸ ಮಾಡುತ್ತಿದ್ದರೆಂದೂ, ದಿನವಿಡೀ ಜಾಲಾಡಿದರೂ ಸಿಗುತ್ತಿದ್ದದ್ದು ಒಂದು ದಿನದ ಕೂಲಿಯಷ್ಟೇ ಎಂದೂ ಹೇಳಿದ.

ಗುಡ್ಡದ ಅಂಚಿನ ದಾರಿಯ ಕೊರಕಲಿನಲ್ಲಿ ಗೆಳೆಯ ತೋರಿಸಿದ ಬಂಡೆಯ ಮುಂದೆ ನಾವು ಗಂಟೆಗಟ್ಟಲೆ ಕೂತೆವು. ಅಂಗೈಯಗಲದ ಒಂದು ಬಿಳಿ ಸಿರವನ್ನು ಇನ್ನೊಂದು ಸಿರ ಅಡ್ಡ ಕತ್ತರಿಸಿತ್ತು. ಹಳೆಯ ಸಿರದ ಎರಡು ತುಂಡುಗಳು ಒಂದು ಗೇಣಿನಷ್ಟು ಪಕ್ಕಕ್ಕೆ ಸರಿದಿದ್ದವು. ಹೊಸ ಸಿರದೊಳಗೆ ಹಳೆಯ ಸಿರದ ಚೂಪು ಚೂರುಗಳು ತೇಲುತ್ತಿರುವಂತೆ ಬೆಸೆದುಕೊಂಡಿದ್ದವು. ಬೆಸೆದು ಗಟ್ಟಿಯಾದ ಸಿರವೂ ಮತ್ತೊಂದು ನಡುಕಕ್ಕೆ ಮುರಿಯಿತು, ಮುರಿದ ಚೂರುಗಳು ಕೆಳಕ್ಕೆ ಬಿದ್ದು ನೆಲೆಯಾಗುವ ಮುಂಚೆಯೇ ಸುತ್ತ ಬೆಣಚುಕಲ್ಲು ಕಟ್ಟಿತು. ಹಟ್ಟಿಯ ಹೊಲದಲ್ಲಿ ಕಂಡ ಗೆರೆಗಳು ನಿಧಾನದ ಕಥೆ ಹೇಳಿದ್ದರೆ ಇದು ರಭಸದ್ದು. ಹೊಸ ಸಿರದ ಹಾಲುಬಣ್ಣಕ್ಕೆ ಕಾರಣ ಅದರ ಹರಳುಗಳಲ್ಲಿ ಸಿಕ್ಕಿಕೊಂಡ ಅಸಂಖ್ಯ ಹನಿಗಳು. ಕಟ್ಟಿಸಿದ ನೀರಿನದೇ ಅಂಶ, ಜೊತೆಗೆ ಇಂಗಾಲದ ಡೈಆಕ್ಸೈಡಿನ ಗುಳ್ಳೆಗಳು. ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಕಾಯಿಸಿದರೆ ಗುಳ್ಳೆ ಮಾಯವಾಗುವ ಬಿಸಿಯಿಂದ ಆ ಕಾಲದ ತಾಪವನ್ನು ಅಂದಾಜು ಮಾಡಬಹುದು.

ಹಿಂದಿರುಗುವಾಗ ಡಂಬಳದ ದೊಡ್ಡಬಸಪ್ಪ ಗುಡಿಗೆ ಹೋದೆವು. ನಕ್ಷತ್ರದ ಮೂಲೆಗಳಂತೆ ಮಡಿಚುತ್ತ ಸಾಗುವ ಅದರ ಗೋಡೆಯನ್ನು ಎಷ್ಟು ಸುತ್ತು ಹಾಕಿದರೂ ಸಾಲದು. ಗೆಳೆಯ ನೋಡಲು ಹೇಳಿದ್ದು ಶಿಲ್ಪವನ್ನಲ್ಲ, ಕಲ್ಲನ್ನು. ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಮೆಚ್ಚಿದ್ದ ಈ ಮೃದುವಾದ ಹಸಿರುಗಲ್ಲು ಕ್ಲೋರೈಟ್ ಶಿಸ್ಟ್. ಕ್ಲೋರೈಟ್ ಖನಿಜದ ತೂಕದಲ್ಲಿ ಎಂಟರಲ್ಲೊಂದು ಪಾಲಿನಷ್ಟು ನೀರಿರುತ್ತದೆ, ಹರಳಿನೊಳಗೇ ಕಟ್ಟಿಕೊಂಡ ನೀರು. ಇಂಥ ಹಸಿರುಬಂಡೆ ಸುಮಾರು 500 ಡಿಗ್ರಿಗೆ ಬೆಂದರೆ ಕ್ಲೋರೈಟ್ ಒಡೆದು ಆಂಫಿಬೋಲ್ ಆಗುತ್ತದೆ, ನೀರು ಹೊರಬೀಳುತ್ತದೆ, ಜೊತೆಗೆ ಗಂಧಕವೂ ಚಿನ್ನವೂ ಹೊರಡುತ್ತವೆ. ಹಟ್ಟಿಯ ಸಿರಗಳ ನೀರು ಅಲ್ಲಿನ ಲಾವಾಗಳೇ ಬೆಂದಾಗ ಬಿಟ್ಟದ್ದು ಎಂಬುದು ಒಂದು ವಾದ; ಹೊರಗಿನಿಂದ ನುಗ್ಗಿದ ಗ್ರಾನೈಟು ತಂದದ್ದು ಎಂಬುದು ಇನ್ನೊಂದು.

ಗುಡಿಯ ಜಗಲಿಯ ಮೇಲೆ ಕೂತು ನನ್ನ 400 ಕೋಟಿ ಟನ್ ನೀರಿನ ಲೆಕ್ಕವನ್ನು ಮುಂದಿಟ್ಟೆ. ನೂರು ಟನ್ ಹಸಿರುಬಂಡೆ ನಾಲ್ಕು ಟನ್ ನೀರು ಬಿಟ್ಟಿತೆಂದರೆ ಒಂದು ಸಿರಕ್ಕೆ 10,000 ಕೋಟಿ ಟನ್ ಬಂಡೆ, ಅಂದರೆ ಮೂವತ್ಮೂರು ಘನ ಕಿಲೋಮೀಟರಿನಷ್ಟು, ಬೇಯಬೇಕು. ಇಡೀ ಶಿಸ್ಟ್ ಪಟ್ಟಿಯ ಗಾತ್ರಕ್ಕೆ ಅದು ಹೊರಲಾಗದ ಹೊರೆಯೇನಲ್ಲ ಎಂದು ನನ್ನ ವಾದ. "ಒಂದು ಸಿರಕ್ಕೆ ಸರಿಹೋದೀತು. ಹಟ್ಟಿಯಲ್ಲಿರುವ ಅಷ್ಟೂ ಸಿರಗಳಿಗೆ ಗುಣಿಸಿ ನೋಡು, ಆಮೇಲೆ ಗ್ರಾನೈಟನ್ನು ಹೊರಗಿಡಬಹುದಾ ಹೇಳು" ಎಂದು ಗೆಳೆಯ ಪಟ್ಟು ಹಿಡಿದ. ಅವನ ಮಾತಿನಲ್ಲಿ ತೂಕವಿದೆ ಎಂದು ಈಗ ಬರೆಯುವಾಗಲೂ ಅನ್ನಿಸುತ್ತದೆ. ಆದರೂ ಗ್ರಾನೈಟಿನ ಪಾಲು ಎಷ್ಟೇ ಇರಲಿ, ಲಾವಾ ಬಿಟ್ಟ ನೀರನ್ನು ಲೆಕ್ಕದಿಂದ ತೆಗೆದುಹಾಕಲು ನಾನು ಸಿದ್ಧನಿಲ್ಲ. ಬರುವ ವರ್ಷ ಸುಗ್ಗಿ ಮುಗಿದು ಹೊಲಗಳು ಖಾಲಿಯಾದ ಮೇಲೆ ಅವನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹಟ್ಟಿಯ ಪೂರ್ವಕ್ಕೆ, ಶಿಸ್ಟ್ ಮತ್ತು ಗ್ರಾನೈಟ್ ತಾಗುವ ಅಂಚಿನಲ್ಲಿ ಬದುಗಳ ಬಿಳಿಕಲ್ಲಿನ ಸಾಲುಗಳನ್ನು ಒಂದೊಂದಾಗಿ ನಕ್ಷೆಗೆ ಇಳಿಸುವುದೆಂದು ಮಾತಾಗಿದೆ. ಗ್ರಾನೈಟಿಗೆ ಹತ್ತಿರವಾದಂತೆ ಸಿರಗಳು ದಟ್ಟವಾಗುತ್ತವೆಯೋ ಇಲ್ಲವೋ ಎಂಬುದು ಅಲ್ಲಿ ಕಾಲ್ನಡಿಗೆಯಲ್ಲೇ ತಿಳಿಯಬೇಕು.